ರೋಗಿಯ ಕಾಗದ ರೋಗಿಯೊಡನೆ ಹೋಗಲಿ

ಪುಣೆಯಲ್ಲಿ ದುಡಿದು ಊರಿನಲ್ಲಿ ಬಾಳುವವರು ನಾವು. ಸಂಬಳ ಇಲ್ಲಿಯದು, ಮನೆ ಅಲ್ಲಿಯದು. ಈ ಎರಡು ನೆಲದ ಬಾಳುವೆಯ ಲಾಭನಷ್ಟಗಳನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಅದರ ಒಂದು ನಷ್ಟವನ್ನು ಮಾತ್ರ ನಮ್ಮಲ್ಲಿ ಯಾರೂ ಲೆಕ್ಕದ ಪುಸ್ತಕಕ್ಕೆ ಏರಿಸಿಲ್ಲ. ನಮ್ಮವನೊಬ್ಬ ಇಲ್ಲಿ ಕಾಯಿಲೆ ಬಿದ್ದರೆ ಮೊದಲು ಹತ್ತಿರದ ದವಾಖಾನೆಗೆ ಹೋಗುತ್ತಾನೆ. ನಾಲ್ಕು ದಿನದಲ್ಲಿ ಗುಣ ಕಾಣದಿದ್ದರೆ ರಾತ್ರಿಯ ಬಸ್ಸು ಹತ್ತಿ ಊರಿಗೆ ಹೊರಡುತ್ತಾನೆ. ರೋಗ ಅವನೊಡನೆ ಹೋಗುತ್ತದೆ, ರೋಗದ ಕಾಗದ ಪುಣೆಯಲ್ಲಿಯೇ ಉಳಿಯುತ್ತದೆ. ಕುಂದಾಪುರದ ಡಾಕ್ಟರರು, "ಅಲ್ಲಿ ಯಾವ ಗುಳಿಗೆ ಕೊಟ್ಟಿದ್ದರು?" ಎಂದು ಕೇಳಿದರೆ, "ಬಿಳಿ ಗುಳಿಗೆ, ದಿನಕ್ಕೆ ಎರಡು" ಎಂಬುದಕ್ಕಿಂತ ಹೆಚ್ಚಿನ ಉತ್ತರ ಅವನಲ್ಲಿಲ್ಲ. ಮತ್ತೆ ರಕ್ತಪರೀಕ್ಷೆ, ಮತ್ತೆ ಎಕ್ಸ್-ರೇ, ಮತ್ತೆ ಮೊದಲಿನಿಂದ ಖರ್ಚು. ಹಣ ಹೋದುದು ಹೋಗಲಿ. ಹೋದ ದಿನಗಳಲ್ಲಿ ರೋಗ ಬೆಳೆದಿರುತ್ತದೆ.

ಮಾಹಿತಿ ತಂತ್ರಜ್ಞಾನವು ವೈದ್ಯಕೀಯದಲ್ಲಿ ಮಾಡುತ್ತಿರುವ ಚಮತ್ಕಾರಗಳ ವಾರ್ತೆಗಳು ದಿನವೂ ಬರುತ್ತಿವೆ. ಯಂತ್ರದ ಕೈಗಳಿಂದ ಶಸ್ತ್ರಕ್ರಿಯೆ ನಡೆಯುತ್ತಿದೆ. ಎಕ್ಸ್-ರೇ ಚಿತ್ರವನ್ನು ಗಣಕಯಂತ್ರವೇ ಓದುತ್ತಿದೆ. ಇವೆಲ್ಲ ಸಂತೋಷದ ಸಂಗತಿಗಳೇ ಸರಿ. ಆದರೆ ನಸುಕಿನಲ್ಲೆದ್ದು ಒಲೆ ಹೊತ್ತಿಸುವ ಅಡುಗೆ ಭಟ್ಟರಿಗೂ, ತಟ್ಟೆ ತೊಳೆಯುವ ಹುಡುಗನಿಗೂ, ಬಾಡಿಗೆ ಕೋಣೆಯಲ್ಲಿ ನಾಲ್ವರೊಡನೆ ಮಲಗುವ ಗುಮಾಸ್ತರಿಗೂ ಈ ತಂತ್ರಜ್ಞಾನದಿಂದ ಆಗಬೇಕಾದ ಮೊದಲ ಉಪಕಾರ ಅಷ್ಟು ದೊಡ್ಡದೇನೂ ಅಲ್ಲ. ಅವರ ರೋಗದ ಕಾಗದ ಅವರೊಡನೆ ಹೋಗುವಂತಾಗಬೇಕು. ನಮ್ಮದರಂತೆ ಮುಂದುವರಿಯುತ್ತಿರುವ ದೇಶಗಳಲ್ಲಿ ಕೋಟ್ಯಂತರ ಜನ ಕೂಲಿಗಾಗಿ ಊರು ಬಿಟ್ಟು ಊರಿಗೆ ಹೋಗುವವರೇ ಆಗಿರುವುದರಿಂದ, ಬೇರೆ ಎಲ್ಲ ಚಮತ್ಕಾರಗಳಿಗಿಂತಲೂ ಈ ಒಂದು ಸಾಮಾನ್ಯ ಕೆಲಸವೇ ಹೆಚ್ಚು ಪ್ರಾಣಗಳನ್ನು ಉಳಿಸೀತೆಂದು ನಮ್ಮ ನಂಬುಗೆ.

ಕ್ಷಯರೋಗದ ಉದಾಹರಣೆಯನ್ನೇ ನೋಡೋಣ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ನಮ್ಮ ದೇಶದವರು. ಹೊಗೆ ತುಂಬಿದ ಅಡುಗೆಮನೆ, ಗಾಳಿಯಿಲ್ಲದ ಅಟ್ಟ, ಒತ್ತೊತ್ತಾಗಿ ಹಾಸಿದ ಚಾಪೆಗಳು ಇದ್ದಲ್ಲಿ ಈ ರೋಗಕ್ಕೆ ಆಮಂತ್ರಣ ಬೇಕಾಗಿಲ್ಲ. ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಔಷಧೋಪಚಾರವಿದೆ. ಸರಕಾರಿ ಕೇಂದ್ರಗಳಲ್ಲಿ ಅದು ಉಚಿತ. ಆದರೆ ಎರಡು ತಿಂಗಳಲ್ಲಿ ಕೆಮ್ಮು ತಗ್ಗಿತೆಂದು ಮಾತ್ರೆ ಬಿಟ್ಟು ಊರಿಗೆ ಹೋದವನ ಮೈಯಲ್ಲಿ, ಆ ಮಾತ್ರೆಗೆ ಬಗ್ಗದ ಕ್ಷಯ ಹುಟ್ಟಬಹುದು. ಹಿಂದೆ ಹೀಗೆ ಊರಿಗೆ ಹೋದವನು ಇಲ್ಲಿಯ ಪುಸ್ತಕದಲ್ಲಿ "ಕಾಣೆಯಾದವನು", ಅಲ್ಲಿಯ ಪುಸ್ತಕದಲ್ಲಿ "ಹೊಸಬ". 2012ರಲ್ಲಿ ಕೇಂದ್ರ ಸರಕಾರವು "ನಿಕ್ಷಯ" ಎಂಬ ಗಣಕಯಂತ್ರದ ದಾಖಲೆಯನ್ನು ಆರಂಭಿಸಿತು. ಅದರಲ್ಲಿ ಪ್ರತಿಯೊಬ್ಬ ರೋಗಿಗೂ ಒಂದು ಸಂಖ್ಯೆ. ಪುಣೆಯಲ್ಲಿ ಚಿಕಿತ್ಸೆ ತೊಡಗಿದವನನ್ನು ಉಡುಪಿ ಜಿಲ್ಲೆಯ ಕೇಂದ್ರಕ್ಕೆ ಅದೇ ದಾಖಲೆಯ ಮೂಲಕ ವರ್ಗಾಯಿಸಬಹುದು. ಎಷ್ಟನೆಯ ತಿಂಗಳು, ಯಾವ ಔಷಧ ಎಂಬುದು ಅಲ್ಲಿಯವರಿಗೆ ಕಾಣುತ್ತದೆ. ರೋಗಿಯ ಪೋಷಣೆಗಾಗಿ 2018ರ ಏಪ್ರಿಲಿನಿಂದ ತಿಂಗಳಿಗೆ 500 ರೂಪಾಯಿಯನ್ನೂ, 2024ರ ನವೆಂಬರಿನಿಂದ 1,000 ರೂಪಾಯಿಯನ್ನೂ ನೇರವಾಗಿ ಬ್ಯಾಂಕಿನ ಖಾತೆಗೆ ಹಾಕುವ ಏರ್ಪಾಡು ಈ ದಾಖಲೆಯನ್ನೇ ಅವಲಂಬಿಸಿದೆ. ಇದು ಹಕ್ಕಿನಿಂದ ಬರುವ ಹಣ. ಯಾರ ದಾಕ್ಷಿಣ್ಯವೂ ಅಲ್ಲ. ಊರಿಗೆ ಹೊರಡುವ ಮುಂಚೆ, "ನನ್ನನ್ನು ಅಲ್ಲಿಗೆ ವರ್ಗಾಯಿಸಿರಿ" ಎಂದು ಕೇಂದ್ರದಲ್ಲಿ ಹೇಳಿದರೆ ಸಾಕು. ಆದರೆ ಈ ಮಾತು ಗೊತ್ತಿರಬೇಕಲ್ಲ!

ಹಾಗೆಂದು ಯಂತ್ರವನ್ನೇ ದೇವರೆಂದು ನಂಬುವುದೂ ಸಲ್ಲದು. ಕ್ಷಯದ ಮಾತ್ರೆಯ ಪೊಟ್ಟಣ ಬಿಡಿಸಿದಾಗ ಒಳಗೆ ಅಡಗಿದ ಒಂದು ಸಂಖ್ಯೆ ಕಾಣುವಂತೆ ಮಾಡಿ, ರೋಗಿ ದಿನವೂ ಆ ಸಂಖ್ಯೆಗೆ ಖರ್ಚಿಲ್ಲದ ಕರೆ ಮಾಡಿದರೆ ಮಾತ್ರೆ ನುಂಗಿದನೆಂದು ಲೆಕ್ಕ ಹಿಡಿಯುವ ಪದ್ಧತಿಯೊಂದನ್ನು ನಮ್ಮ ದೇಶದಲ್ಲಿ ಜಾರಿಗೆ ತರಲಾಗಿತ್ತು. ಉಪಾಯವೇನೋ ಜಾಣತನದ್ದೇ. ಆದರೆ ಚೆನ್ನೈ, ಮುಂಬಯಿ ಮುಂತಾದೆಡೆಗಳ ರೋಗಿಗಳಲ್ಲಿ ಕರೆಗಳನ್ನು ಮೂತ್ರಪರೀಕ್ಷೆಯೊಡನೆ ತಾಳೆ ನೋಡಿದ ಸಂಶೋಧಕರು, ಎರಡಕ್ಕೂ ಅನೇಕ ಸಲ ಹೊಂದಿಕೆಯಾಗದೆ ಇದ್ದುದನ್ನು 2020ರಲ್ಲಿ ಪ್ರಕಟಪಡಿಸಿದರು. ಯಂತ್ರ ಕರೆಯನ್ನು ಎಣಿಸಬಲ್ಲದು, "ಇವತ್ತು ಮಾತ್ರೆ ತೆಗೆದುಕೊಂಡೆಯಾ ತಮ್ಮಾ?" ಎಂದು ಕೇಳಲಾರದು. ಆ ಮಾತನ್ನು ಪಕ್ಕದ ಚಾಪೆಯವನೇ ಕೇಳಬೇಕು.

ಇನ್ನು ಹೃದಯದ ವಿಷಯ. ಇದರಲ್ಲಿ ನಮ್ಮ ಕರಾವಳಿಯೇ ಉಳಿದವರಿಗೆ ದಾರಿ ತೋರಿದೆಯೆಂಬುದು ಹೆಮ್ಮೆಯ ಸಂಗತಿ. ಮಂಗಳೂರಿನ ಹೃದ್ರೋಗತಜ್ಞರಾದ ಡಾ. ಪದ್ಮನಾಭ ಕಾಮತರು 2018ರಲ್ಲಿ "ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್" ಎಂಬ ಸೇವಾಕಾರ್ಯವನ್ನು ಕೈಗೊಂಡರು. ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಉಚಿತವಾಗಿ ಒದಗಿಸಿ, ಅಲ್ಲಿಯ ಡಾಕ್ಟರರು ಇ.ಸಿ.ಜಿ.ಯ ಚಿತ್ರವನ್ನು ವಾಟ್ಸಾಪ್ ಗುಂಪಿಗೆ ಕಳುಹಿಸಿದೊಡನೆ ತಜ್ಞರು ನೋಡಿ ಸಲಹೆ ಕೊಡುವುದು ಇದರ ಕ್ರಮ. ಇದರಲ್ಲಿ ಕೋಟಿ ರೂಪಾಯಿಯ ಯಂತ್ರವಿಲ್ಲ; ಎಲ್ಲರ ಕಿಸೆಯಲ್ಲಿಯೂ ಇರುವ ಮೊಬೈಲೇ ಸಾಧನ. 2023ರಲ್ಲಿ ಕರ್ನಾಟಕ ಸರಕಾರವು, ಹೃದಯಾಘಾತದಿಂದ 2021ರಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರರ ಹೆಸರಿನಲ್ಲಿ "ಹೃದಯ ಜ್ಯೋತಿ" ಯೋಜನೆಯನ್ನು ಆರಂಭಿಸಿ, ತಾಲೂಕು ಆಸ್ಪತ್ರೆಗಳನ್ನು ಜಯದೇವ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗಳೊಡನೆ ಜೋಡಿಸಿ, ರಕ್ತದ ಹೆಪ್ಪನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿತು. ಊರಿನಲ್ಲಿರುವ ನಮ್ಮ ತಂದೆತಾಯಿಗಳಿಗೆ ಇದರ ತಿಳಿವಳಿಕೆ ಕೊಡುವುದು ನಮ್ಮ ಕರ್ತವ್ಯ. ಇಲ್ಲಿಯೂ ಕಾಗದದ ಮಾತೇ ಬರುತ್ತದೆ: ಹಿಂದೆ ತೆಗೆಸಿದ ಇ.ಸಿ.ಜಿ. ಕೈಯಲ್ಲಿದ್ದರೆ, ಇಂದಿನದರಲ್ಲಿ ಕಾಣುವ ದೋಷ ಹೊಸದೋ ಹಳೆಯದೋ ಎಂಬುದನ್ನು ಡಾಕ್ಟರರು ಬೇಗನೆ ನಿರ್ಣಯಿಸಬಲ್ಲರು. ಎದೆನೋವಿನಲ್ಲಿ ಒಂದೊಂದು ನಿಮಿಷಕ್ಕೂ ಬೆಲೆಯುಂಟು.

ಆದರೆ ಈ ಸೌಕರ್ಯಗಳ ಬಾಗಿಲು ಎಲ್ಲರಿಗೂ ಒಂದೇ ರೀತಿಯಲ್ಲಿ ತೆರೆಯುವುದೇ? 2021ರ ಅನುಭವ ಹಾಗೆ ಹೇಳುವುದಿಲ್ಲ. ಆ ವರ್ಷದ ಜನವರಿ 16ರಂದು ಕೋವಿಡ್ ಲಸಿಕೆಯೊಡನೆ "ಕೋವಿನ್" ಬಂದಿತು. ಮೊದಲ ಲಸಿಕೆ ಪುಣೆಯಲ್ಲಿ, ಎರಡನೆಯದು ಊರಿನಲ್ಲಿ ಪಡೆದರೂ ಪ್ರಮಾಣಪತ್ರ ಒಂದೇ. ಬಡವನ ಆರೋಗ್ಯದ ದಾಖಲೆ ರಾಜ್ಯದ ಗಡಿ ದಾಟಬಲ್ಲದೆಂಬುದಕ್ಕೆ ಇಡೀ ದೇಶವೇ ಸಾಕ್ಷಿಯಾಯಿತು. ಆದರೆ ಮೇ 1ರಿಂದ 18ರಿಂದ 44 ವಯಸ್ಸಿನವರು ಅಂತರ್ಜಾಲದಲ್ಲಿಯೇ ಹೆಸರು ನೋಂದಾಯಿಸಬೇಕೆಂದಾಗ, ಗಣಕಯಂತ್ರದ ಮುಂದೆ ಕುಳಿತವರಿಗೆ ಸಾಲು ಸಿಕ್ಕಿತು. ಒಲೆಯ ಮುಂದೆ ನಿಂತವರಿಗೆ ಸಿಕ್ಕಲಿಲ್ಲ. ಸರ್ವೋಚ್ಚ ನ್ಯಾಯಾಲಯವೂ ಈ ಭೇದವನ್ನು ಎತ್ತಿ ತೋರಿಸಿತು. ಸರಕಾರಿ ಕೇಂದ್ರಗಳಲ್ಲಿ ನೇರವಾಗಿ ಹೋಗಿ ನೋಂದಾಯಿಸುವ ಅವಕಾಶ ಮೇ 24ರಂದು ಬಂದಿತು. ಕನ್ನಡವೂ ಸೇರಿದಂತೆ ದೇಶಭಾಷೆಗಳು ಕೋವಿನ್‌ನಲ್ಲಿ ಕಾಣಿಸಿಕೊಂಡುದು ಜೂನಿನಲ್ಲಿ. ಭಾಷೆ ಮೊದಲು ಬರಬೇಕಾಗಿತ್ತು, ಕೊನೆಗೆ ಬಂದಿತು.

ಭಾಷೆಯನ್ನು ಮೊದಲಿಗಿಟ್ಟರೆ ಏನಾಗಬಹುದೆಂಬುದಕ್ಕೂ ಒಂದು ನಿದರ್ಶನವಿದೆ. 2022ರ ಅಕ್ಟೋಬರ್ 10ರಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು "ಟೆಲಿ ಮಾನಸ್" ಆರಂಭವಾಯಿತು. 14416 ಎಂಬ ಸಂಖ್ಯೆಗೆ ಯಾವ ಹಳೆಯ ಫೋನಿನಿಂದಲಾದರೂ ಖರ್ಚಿಲ್ಲದೆ ಕರೆ ಮಾಡಿ, ತನ್ನ ಭಾಷೆಯನ್ನು ಆಯ್ದುಕೊಂಡು, ಮನಸ್ಸಿನ ಕ್ಲೇಶವನ್ನು ಹೇಳಿಕೊಳ್ಳಬಹುದು. ಕೈಕಾಲಿನ ನೋವನ್ನಾದರೆ ಬೆರಳು ತೋರಿಸಿ ಮರಾಠಿ ಡಾಕ್ಟರರಿಗೆ ತಿಳಿಸಬಹುದು. ನಿದ್ದೆ ಬಾರದ ರಾತ್ರಿಯನ್ನು, ಊರಿನ ಸಾಲದ ಚಿಂತೆಯನ್ನು ಪರಭಾಷೆಯಲ್ಲಿ ಹೇಳುವುದು ಹೇಗೆ? ಮನೆ ಬಿಟ್ಟು ಬಂದ ಹುಡುಗರು ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲಿ.

ಈಗ ಎಲ್ಲ ಕಾಗದಗಳನ್ನೂ ಒಂದೇ ಸಂಖ್ಯೆಯ ಕೆಳಗೆ ತರುವ ಯತ್ನ ನಡೆದಿದೆ. 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕೊಡುವ 14 ಅಂಕೆಗಳ "ಆಭಾ" ಸಂಖ್ಯೆಯೇ ಅದು. ಇದನ್ನೂ ಆಯುಷ್ಮಾನ್ ಕಾರ್ಡನ್ನೂ ಒಂದೇ ಎಂದು ತಿಳಿದವರು ನಮ್ಮಲ್ಲಿ ಬಹಳ. ಕಾರ್ಡು, ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆಯ ಖರ್ಚನ್ನು ಕೊಡುವಂಥದು; ಆಭಾ ಒಂದು ಕಾಸನ್ನೂ ಕೊಡದು, ದಾಖಲೆಗಳನ್ನು ಜೋಡಿಸುತ್ತದೆ, ಅಷ್ಟೆ. ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲಿಯೇ ಇರುತ್ತದೆ. ರೋಗಿಯ ಒಪ್ಪಿಗೆಯಿಂದ ಮಾತ್ರ ಬೇರೆಡೆಗೆ ತೋರಿಸತಕ್ಕದ್ದು ಎಂಬುದು ನಿಯಮ. ಆದರೆ ಸಂಖ್ಯೆ ಪಡೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಬೀದಿಯ ಸಣ್ಣ ದವಾಖಾನೆ ಚೀಟಿಯಲ್ಲಿ ಗೀಚಿ ಕೊಡುವವರೆಗೆ ಜೋಡಿಸಲು ದಾಖಲೆಯೇ ಇರದು.

ಒಪ್ಪಿಗೆಯ ಮಾತು ಬಂದುದರಿಂದ ನಮ್ಮ ಹೋಟೆಲು ಧಣಿಗಳಿಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಅನೇಕ ವರ್ಷ ಗಲ್ಲಾದ ಹಿಂದೆ ಕುಳಿತವರಾದುದರಿಂದ ಹೇಳುವ ಅಧಿಕಾರ ನಮಗುಂಟೆಂದು ಭಾವಿಸುತ್ತೇವೆ. ಕೆಲಸಗಾರನ ರೋಗದ ದಾಖಲೆ ಧಣಿಯ ಸೊತ್ತಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ 9 ಮಂದಿ ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತರು. ಆ ಹಕ್ಕು ಬಂಗಲೆಯವರಿಗೆಂತೋ ಅಟ್ಟದ ಮೇಲೆ ಮಲಗುವವನಿಗೂ ಅಂತೆಯೇ. ಕ್ಷಯವೆಂದು ತಿಳಿದೊಡನೆ ಲೆಕ್ಕ ಚುಕ್ತಾ ಮಾಡಿ ಕಳುಹಿಸುವ ಹೋಟೆಲಿನಲ್ಲಿ ಕೆಮ್ಮನ್ನು ಅಡಗಿಸಿಕೊಳ್ಳದೆ ಯಾರಿದ್ದಾರು? ಅಡಗಿಸಿದ ಕೆಮ್ಮು ಹೋಟೆಲಿನ ಎಲ್ಲರಿಗೂ ಹಬ್ಬುತ್ತದೆ. ಚಿಕಿತ್ಸೆ ತೊಡಗಿದವನಿಗೆ ವಿಶ್ರಾಂತಿ ಕೊಟ್ಟು, ಡಾಕ್ಟರರು ಒಪ್ಪಿದ ಮೇಲೆ ಕೆಲಸ ಮರಳಿ ಕೊಡುವುದು ದಯೆಯೂ ಹೌದು, ಜಾಣ ವ್ಯಾಪಾರವೂ ಹೌದು.

ಹಾಗಾದರೆ ಮಾಡತಕ್ಕದ್ದೇನು? ಕೆಲಸಗಾರರು ಪ್ರತಿ ಡಾಕ್ಟರರಲ್ಲಿಯೂ ಔಷಧದ ಹೆಸರಿರುವ ಕಾಗದವನ್ನು ಕೇಳಿ ಪಡೆಯಲಿ. ಅದರ ಚಿತ್ರವನ್ನು ಅಂದೇ ಮೊಬೈಲಿನಲ್ಲಿ ತೆಗೆದಿಡಲಿ. ಗಣಕಯಂತ್ರ ಬಲ್ಲ ಗುಮಾಸ್ತ ಬಂಧುಗಳು ವಾರಕ್ಕೊಂದು ಗಂಟೆಯನ್ನು, ಬೇಕಾದರೆ ಭಾನುವಾರ ಸಂಜೆ, ಇವರಿಗಾಗಿ ಮೀಸಲಿಡಲಿ. ಮನಿಯಾರ್ಡರ್ ಫಾರಮು ಬರೆದುಕೊಟ್ಟ ಹಿರಿಯರ ಸಂಪ್ರದಾಯ ನಮ್ಮಲ್ಲಿ ಉಂಟಷ್ಟೆ. ಆಭಾ ಸಂಖ್ಯೆ ಮಾಡಿಕೊಡುವುದು ಅದರದೇ ಮುಂದುವರಿಕೆ. ಆದರೆ ಗುಪ್ತಸಂಖ್ಯೆಯನ್ನು ಕೇಳಿ ಇಟ್ಟುಕೊಳ್ಳಬಾರದು. ಕನ್ನಡ ಸಂಘಗಳು ನಾಟಕ, ಸನ್ಮಾನಗಳ ನಡುವೆ ಈ ಕಾರ್ಯಕ್ಕೂ ಒಂದು ಮೇಜು ಹಾಕಲಿ. ಸರಕಾರದ ಆರೋಗ್ಯ ದಾಖಲೆಗಳೂ ಸೂಚನೆಗಳೂ ರೋಗಿ ಎಲ್ಲಿದ್ದರೂ ಅವನ ಭಾಷೆಯಲ್ಲಿ ದೊರೆಯಬೇಕೆಂದು ಒತ್ತಾಯಿಸಲಿ.

ದುಡಿದ ಹಣವನ್ನು ಪುಣೆಯಲ್ಲಿ ಕಟ್ಟಿ ಊರಿನಲ್ಲಿ ಆ ಕ್ಷಣವೇ ತೆಗೆಯುವ ಅನುಕೂಲ ನಮಗೆ ಬಂದು ವರ್ಷಗಳೇ ಆದುವು. ಹಣಕ್ಕೆ ಸಾಧ್ಯವಾದುದು ಆರೋಗ್ಯದ ದಾಖಲೆಗೆ ಅಸಾಧ್ಯವೆಂದು ಯಾರು ಹೇಳಿದರೂ ನಾವು ಒಪ್ಪಬೇಕಾಗಿಲ್ಲ.