ಬೋಲ್ಟು ಕೂತ್ರೆ ಸಾಕಾ?

ನಾನು ಓದಿದ್ದು ಮೆಕ್ಯಾನಿಕಲ್ಲು, ಹೊಟ್ಟೆ ಹೊರೆಯೋದು ಸಾಫ್ಟ್‌ವೇರಿನಲ್ಲಿ. ನಮ್ಮ ಬ್ಯಾಚಿನ ಅರ್ಧ ಜನರದ್ದೂ ಇದೇ ಕಥೆ, ಹೊಸದೇನಲ್ಲ ಬಿಡಿ. ಐಸಿ ಇಂಜಿನ್ ಲ್ಯಾಬಿನಲ್ಲಿ ರೀಡಿಂಗ್ ಬರೆದುಕೊಂಡಿದ್ದು ಬಿಟ್ರೆ ನಿಜವಾದ ಇಂಜಿನ್ ಒಂದಕ್ಕೆ ನಾನು ಸ್ಪಾನರ್ ಹಾಕಿದವನಲ್ಲ. ಹಾಕಿದ್ದು ಇಲ್ಲಿ, ಓಹಾಯೋದಲ್ಲಿ, ಪಕ್ಕದ ಮನೆ ಯಜಮಾನರ ಕೊಟ್ಟಿಗೆಯಂಥ ಗ್ಯಾರೇಜಿನಲ್ಲಿ. ಅಲ್ಲಿ ಕಲಿತ ಒಂದು ವಿಷಯ ಆಫೀಸಿನಲ್ಲೂ ಬೆನ್ನು ಬಿಡ್ತಾ ಇಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ಯಜಮಾನರಿಗೆ ಎಪ್ಪತ್ತೆಂಟು ವರ್ಷ. ಅವರ ಹತ್ತಿರ 1957ರ ಒಂದು ಷೆವ್ರೊಲೆ ಲಾರಿ ಇದೆ, ಅವರಪ್ಪ ಹುಲ್ಲು ಸಾಗಿಸೋಕೆ ಇಟ್ಟುಕೊಂಡಿದ್ದದ್ದು. ಇಂಜಿನ್ನು 261 ಘನ ಇಂಚಿನದು, ಅಂದ್ರೆ ಸುಮಾರು 4.3 ಲೀಟರು. ಆರು ಸಿಲಿಂಡರು ಒಂದೇ ಸಾಲಿನಲ್ಲಿ. ಹಳೇ ಷೆವ್ರೊಲೆ ಸಿಕ್ಸ್‌ಗಳಿಗೆ ಇಲ್ಲಿ ‘ಸ್ಟವ್‌ಬೋಲ್ಟ್’ ಅಂತ ಅಡ್ಡಹೆಸರು. 1929ರ ಸಿಕ್ಸ್‌ನಲ್ಲಿ ಒಲೆಗೆ ಹಾಕುವಂಥ ಬೋಲ್ಟುಗಳು ಇದ್ದವಂತೆ, ಅದಕ್ಕೆ. ಕಾರಿಗೂ ಸಣ್ಣ ಲಾರಿಗೂ 235 ಘನ ಇಂಚಿನ ಇಂಜಿನ್ ಬರ್ತಿತ್ತು. 1954ರಲ್ಲಿ ಭಾರದ ಲಾರಿಗಳಿಗೆ ಅಂತ ಅದರ ಅಣ್ಣನ ಹಾಗೆ ಈ 261 ಬಂತು.

ಕಳೆದ ಬೇಸಿಗೆಯಲ್ಲಿ ಲಾರಿ ನೀರು ಕುಡಿಯೋಕೆ ಶುರು ಮಾಡ್ತು. ಬಿಚ್ಚಿ ನೋಡಿದ್ರೆ ಹೆಡ್ಡಿನಲ್ಲಿ ಎರಡು ವಾಲ್ವ್ ಸೀಟುಗಳ ನಡುವೆ ಬಿರುಕು. ಯಜಮಾನರ ಮಗ ಒಂದೇ ಮಾತಿನಲ್ಲಿ ಮುಗಿಸಿದ: “ಇದನ್ನ ಕಿತ್ತು ಒಂದು ವಿ8 ಕೂರಿಸಿಬಿಡಿ.” ಯಜಮಾನರು ಮಾತಾಡಲಿಲ್ಲ. ವಾರದ ಮೇಲೆ ಗುಜರಿಯಿಂದ 235ರ ಹೆಡ್ಡೊಂದನ್ನ ತಂದ್ರು. ಎರಕದ ನಂಬರು 3836848, ಎಲ್ಲರೂ ಕೊನೇ ಮೂರಂಕಿ ಹಿಡಿದು ‘848’ ಅಂತಾರೆ. ಹಳೇ ಲಾರಿ ಹುಚ್ಚಿನವರಿಗೆ ಇದು ಇಷ್ಟದ ಹೆಡ್ಡು, ಯಾಕಂದ್ರೆ ಕಂಪ್ರೆಷನ್ ಜಾಸ್ತಿ ಕೊಡುತ್ತೆ.

ಮೆಷಿನ್ ಶಾಪಿನಲ್ಲಿ ಬಿರುಕು ಪರೀಕ್ಷೆ ಮಾಡಿಸಿ, ಮುಖ ಸಮ ಮಾಡಿಸಿ ತಂದಾಯ್ತು. ಇಬ್ಬರೂ ಹೊತ್ತು ಬ್ಲಾಕಿನ ಮೇಲಿಟ್ಟು ನೋಡಿದ್ವಿ. ಬೋಲ್ಟಿನ ತೂತುಗಳೆಲ್ಲ ಅಚ್ಚುಕಟ್ಟಾಗಿ ಕೂತವು, ಪುಶ್‌ರಾಡುಗಳೂ ಸರಿಯಾದ ಜಾಗಕ್ಕೆ. “ಮುಗೀತಲ್ಲ, ಟೈಟ್ ಮಾಡೋಣ” ಅಂದೆ ನಾನು. ಯಜಮಾನರು ತಲೆ ಅಲ್ಲಾಡಿಸಿ, ಹೆಡ್ಡನ್ನ ಮತ್ತೆ ಇಳಿಸಿ ಬೋರಲು ಹಾಕಿಸಿದ್ರು. ಅದರ ಮೇಲೆ 261ರ ಹೊಸ ಗ್ಯಾಸ್ಕೆಟ್ ಹಾಸಿ, “ಏನ್ ಕಾಣುತ್ತೆ ಹೇಳು ಹುಡುಗಾ” ಅಂದ್ರು.

ಗ್ಯಾಸ್ಕೆಟ್ಟಿನಲ್ಲಿ ಸಿಲಿಂಡರುಗಳ ಸಂದಿಯಲ್ಲಿ ಸಣ್ಣ ಸಣ್ಣ ತೂತುಗಳಿದ್ವು. ಅವುಗಳ ಹಿಂದೆ ಹೆಡ್ಡಿನಲ್ಲಿ ಬರೀ ಕಬ್ಬಿಣ.

ವಿಷಯ ಏನಂದ್ರೆ, 235ರಲ್ಲಿ ಪ್ರತಿ ಸಿಲಿಂಡರಿನ ಸುತ್ತಲೂ ನೀರು ಓಡಾಡುತ್ತೆ. ಅದೇ ಅಳತೆಯ ಬ್ಲಾಕಿನಲ್ಲಿ 261 ಮಾಡೋಕೆ ಬೋರನ್ನ 90.5 ಮಿ.ಮೀ. ಇಂದ 95 ಮಿ.ಮೀ.ಗೂ ಸ್ವಲ್ಪ ಮೇಲಕ್ಕೆ ಹಿಗ್ಗಿಸಿದ್ರು. ಜಾಗ ಎಲ್ಲಿಂದ ಬರಬೇಕು? ಎರಡೆರಡು ಸಿಲಿಂಡರುಗಳ ಗೋಡೆ ಅಂಟಿಕೊಂಡಿತು, ನಡುವೆ ನೀರಿಗೆ ದಾರಿ ಇಲ್ಲ. ಆ ಬಿಸಿ ಜಾಗದಲ್ಲಿ ನೀರು ಕುದ್ದು ಹಬೆಯಾಗುತ್ತೆ. ಆ ಹಬೆ ಮೇಲಕ್ಕೆ ಹೋಗೋಕೆ ಅಂತಲೇ ಬ್ಲಾಕು, ಗ್ಯಾಸ್ಕೆಟ್ಟು, ಹೆಡ್ಡು ಮೂರರಲ್ಲೂ ತೂತು ಬಿಟ್ಟಿರ್ತಾರೆ. 235ರ ಹೆಡ್ಡಿಗೆ ಅದರ ಅಗತ್ಯ ಇರಲಿಲ್ಲ, ಹಾಗಾಗಿ ತೂತಿಲ್ಲ. ಹಾಗೇ ಮುಚ್ಚಿದ್ರೆ ಹಬೆ ಅಲ್ಲೇ ನಿಲ್ಲುತ್ತೆ. ನೀರು ಶಾಖ ಹೊತ್ತೊಯ್ದ ಹಾಗೆ ಹಬೆ ಹೊತ್ತೊಯ್ಯಲ್ಲ. ಖಾಲಿ ಲಾರಿ ಊರೊಳಗೆ ಓಡಿಸಿದ್ರೆ ಗೊತ್ತೇ ಆಗದೆ ಇರಬಹುದು. ಹುಲ್ಲು ಹೇರಿಕೊಂಡು ಏರು ಹತ್ತಿದ ದಿನ ಗ್ಯಾಸ್ಕೆಟ್ ಸುಡುತ್ತೆ, ಇಲ್ಲಾ ಮತ್ತೆ ಬಿರುಕು. ಮೀಟರಿನ ಮುಳ್ಳು ಅಷ್ಟು ಹೊತ್ತೂ ನಗ್ತಾನೇ ಇರುತ್ತೆ, ಯಾಕಂದ್ರೆ ಅದು ನೋಡೋದು ಬೇರೆ ಜಾಗದ ನೀರನ್ನ.

ನಂಗೆ ಮೈ ಜುಂ ಅಂತು. ಕಂಪೈಲ್ ಆಯ್ತು, ಟೆಸ್ಟು ಹಸಿರಾಯ್ತು, ರಿಲೀಸ್ ಮಾಡಿಬಿಡೋಣ ಅಂತ ಎಷ್ಟು ಸಲ ಅಂದಿದ್ದೀನೋ! ಹಳೇ ಸಿಸ್ಟಮ್ಮಿನಲ್ಲಿ ‘ಇದ್ಯಾಕಪ್ಪಾ ಇಲ್ಲಿ’ ಅನಿಸುವ ನಾಲ್ಕು ಸಾಲು ಕಂಡರೆ ಅಳಿಸಿಯೂ ಇದ್ದೀನಿ. ಯಾರೋ ಪುಣ್ಯಾತ್ಮ ಹಬೆ ಹೋಗಲಿ ಅಂತ ಬಿಟ್ಟ ತೂತುಗಳಾಗಿದ್ದವೇನೋ ಅವು.

ಈ ಹೆಡ್ಡು ಬದಲಾವಣೆ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಬರೀ ಪವರ್ರಿನ ಆಸೆಗೆ ಇದನ್ನ ಮಾಡಬೇಡಿ. ಕಾಗದದ ಮೇಲೆ ಲೆಕ್ಕ ಹಾಕಿದೆ. 235ರಲ್ಲಿ 8.25 ಕೊಡುವ ಹೆಡ್ಡು, ಪಿಸ್ಟನ್ ತಲೆ ಒಂದೇ ಆಕಾರ ಅಂತ ಹಿಡಿದರೆ, 261ರ ಮೇಲೆ 9ರ ಹತ್ತಿರ ಬರುತ್ತೆ, ಸಿಲಿಂಡರ್ ದೊಡ್ಡದಲ್ವಾ. ಕಂಪ್ರೆಷನ್ 8ರಿಂದ 9ಕ್ಕೆ ಹೋದರೆ ಪುಸ್ತಕದ ಆಟೋ ಸೈಕಲ್ ಪ್ರಕಾರ ದಕ್ಷತೆ ಹೆಚ್ಚೋದು ಶೇಕಡಾ ಮೂರೂವರೆಯಷ್ಟು. ಭಾರ ಹೊರುವಾಗ ನಾಕಿಂಗ್ ಬಂದು ಟೈಮಿಂಗ್ ಹಿಂದಕ್ಕೆ ತಂದ್ರೆ ಅದರಲ್ಲೂ ಕಡಿತ. ನಿಮ್ಮ ಸ್ವಂತ ಹೆಡ್ಡು ಗಟ್ಟಿಯಾಗಿದ್ರೆ ವಾಲ್ವು, ಸೀಟು, ಗೈಡು ಮಾಡಿಸಿಕೊಂಡು ಅದನ್ನೇ ಹಾಕಿ. ನಮ್ಮದರ ಹಾಗೆ ಒಡೆದಿದ್ರೆ ಮಾತ್ರ ಬದಲಿ, ಅದೂ ತೂತು ಕೊರೆದೇ.

ವಿ8 ವಾದಿಗಳಿಗೂ ಒಂದು ಮಾತು. ಪವರ್ ಹೆಚ್ಚು, ಬಿಡಿಭಾಗ ಸುಲಭ, ಒಪ್ಪಿದೆ. ಆದ್ರೆ ವಿ8 ಬಂದ್ರೆ ಮೌಂಟು, ರೇಡಿಯೇಟರ್ರು, ಎಕ್ಸಾಸ್ಟು ಎಲ್ಲಾ ಬದಲಾಗಬೇಕು. ಬ್ರೇಕು ಮಾತ್ರ 1957ರದ್ದೇ ಇರುತ್ತೆ. ಒಂದು ಬಿರುಕಿಗೆ ಇಡೀ ಲಾರಿ ರೀರೈಟ್ ಮಾಡೋದು ನಮ್ಮ ಮ್ಯಾನೇಜರುಗಳ ಬುದ್ಧಿ.

ಗ್ಯಾಸ್ಕೆಟ್ಟನ್ನೇ ಮಾದರಿಯಾಗಿಟ್ಟು ಯಜಮಾನರು ಪಂಚಿನಲ್ಲಿ ಗುರುತು ಹಾಕಿದ್ರು. ಕೈ ನಡುಗುತ್ತೆ ಅಂತ ಡ್ರಿಲ್ ನನ್ನ ಕೈಗೆ ಕೊಟ್ರು. ಬಿಟ್ಟು ನೀರಿನ ಜಾಕೆಟ್ಟಿಗೆ ತೂರಿದಾಗ ಕೈಗೇ ಗೊತ್ತಾಗುತ್ತೆ, ತಟಕ್ಕನೆ ಹಗುರ. ಕಬ್ಬಿಣದ ಪುಡಿ ಒಂದೂ ಉಳಿಯದ ಹಾಗೆ ತೊಳೆದು, ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ ಬೋಲ್ಟು ಬಿಗಿದ್ವಿ.

ಅಕ್ಟೋಬರಿನಲ್ಲಿ ಹುಲ್ಲು ಹೇರಿಕೊಂಡು ಲಾರಿ ಏರು ಹತ್ತಿತು. ಮಗ ಪಕ್ಕದಲ್ಲೇ ಕೂತಿದ್ದ, ವಿ8 ಸುದ್ದಿ ಎತ್ತಲಿಲ್ಲ. ನನಗೆ ಉಳಿದಿರೋ ಚಿಂತೆ ಒಂದೇ: ಈ ತೂತಿನ ವಿಷಯ ಆ ಮನೆಯಲ್ಲಿ ಗೊತ್ತಿರೋದು ಯಜಮಾನರೊಬ್ಬರಿಗೆ, ಈಗ ನಂಗೂ. ನಾಳೆ ಆ ಹೆಡ್ಡು ಬಿಚ್ಚುವವನಿಗೆ ಯಾರು ಹೇಳಬೇಕು? ಒಂದು ಚೀಟಿಯಲ್ಲಿ ಎಲ್ಲ ಬರೆದು ಗ್ಲೋವ್ ಬಾಕ್ಸಿನಲ್ಲಿ ಇಟ್ಟು ಬಂದಿದ್ದೀನಿ. ಆಫೀಸಿನಲ್ಲೂ ಕಾಮೆಂಟ್ ಬರೆಯೋಕೆ ಶುರು ಮಾಡಿದ್ದೀನಿ.

ನೀವೂ ಹೀಗೆ ‘ಬೋಲ್ಟು ಕೂತಿದೆಯಲ್ಲಾ’ ಅಂತ ಮುಚ್ಚಿಬಿಟ್ಟದ್ದು ಏನಾದ್ರೂ ಇದ್ಯಾ? ಹೇಳಿ, ಒಟ್ಟಿಗೆ ನಾಚಿಕೊಳ್ಳೋಣ.