ನಮ್ಮ ಊರಿಗೆ ಹಿನ್ನೆಲೆ ಇಲ್ಲವೆಂದವರು ಯಾರು?

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜರ್ಮನಿಯಿಂದ ದೂರವಾಣಿ ಕರೆ ಮಾಡಿದ್ದ. ಕೊನೆಯ ಬೆಂಚಿನಲ್ಲಿ ಕುಳಿತು ಕಿಟಕಿಯಾಚೆಯ ತೊಗರಿ ಹೊಲವನ್ನೇ ನೋಡುತ್ತಿದ್ದ ಹುಡುಗ. ಈಗ ರೈನ್‌ಲ್ಯಾಂಡ್-ಪಲಾಟಿನೇಟ್ ಎಂಬ ರಾಜ್ಯದ ಒಂದು ಹಳ್ಳಿಯಲ್ಲಿ ಮನೆ ಮಾಡಿದ್ದಾನೆ. ನಾನೂರು ಜನರ ಊರಂತೆ. ಆದರೂ ಅದಕ್ಕೊಂದು ಸ್ವತಂತ್ರ ಪೌರಸಭೆ, ಸಂಬಳವಿಲ್ಲದೆ ಗೌರವಾರ್ಥವಾಗಿ ದುಡಿಯುವ ಅಧ್ಯಕ್ಷ, ಊರಿನದೇ ಲಾಂಛನ, ಊರಿನ ಚರಿತ್ರೆಯ ಒಂದು ದಪ್ಪ ಪುಸ್ತಕ. ಇದನ್ನೆಲ್ಲ ಅಭಿಮಾನದಿಂದ ವರ್ಣಿಸಿ, ಕೊನೆಗೆ ನಗುತ್ತ ಕೇಳಿದ: “ಸರ್, ನಮ್ಮೂರಿಗಿ ಇಂಥಾದ್ ಏನದರಿ?”

ಆ ನಗು ನನ್ನನ್ನು ಎರಡು ರಾತ್ರಿ ನಿದ್ದೆ ಮಾಡಗೊಡಲಿಲ್ಲ. ಅವನ ಮೇಲೆ ಸಿಟ್ಟು ಬಂದದ್ದು ನಿಜ. ಅದಕ್ಕಿಂತ ಹೆಚ್ಚು ನನ್ನ ಮೇಲೆಯೇ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಶಾಲೆಗಳಲ್ಲಿ ಮೂರು ದಶಕ ಸಮಾಜ ವಿಜ್ಞಾನ ಬೋಧಿಸಿದವನು ನಾನು. 1993ರ ಪಂಚಾಯತ್ ರಾಜ್ ಅಧಿನಿಯಮದ ಮೂರು ಹಂತಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದೆ. ಶಾಲೆಯಿಂದ ಒಂದು ಫರ್ಲಾಂಗು ದೂರದಲ್ಲಿದ್ದ ಪಂಚಾಯತಿ ಕಚೇರಿಗೆ ಒಂದು ದಿನವಾದರೂ ಅವರನ್ನು ಕರೆದೊಯ್ದೆನೆ? ಇಲ್ಲ. ಬಿ.ಎಡ್.ನಲ್ಲಿ ‘ಸ್ಥಳೀಯ ಪರಿಸರದಿಂದ ಕಲಿಕೆ’ ಎಂದು ಪಾಠಯೋಜನೆ ಬರೆದು ಒಳ್ಳೆಯ ಅಂಕ ಪಡೆದಿದ್ದೆನೆಂಬುದು ಬೇರೆ ಮಾತು.

ಹಿನ್ನೆಲೆ ಇಲ್ಲವಂತೆ! ಜೇವರ್ಗಿಯ ಮಗ್ಗುಲಲ್ಲೇ, ಭೀಮೆಯ ದಂಡೆಯ ಮೇಲೆ, ಚಿತ್ತಾಪುರ ತಾಲೂಕಿನ ಸನ್ನತಿಯಿದೆ. 1986ರಲ್ಲಿ ಅಲ್ಲಿಯ ಚಂದ್ರಲಾಂಬಾ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನವೆಂದು ಲೋಕಕ್ಕೆ ತಿಳಿಯಿತು. ವಿಗ್ರಹ ನಿಲ್ಲಿಸಲೆಂದು ಅಕ್ಷರಗಳ ನಡುವೆಯೇ ಕುಳಿ ಕೊರೆದಿದ್ದರು. ಆ ಕಲ್ಲಿನ ಒಂದು ಮೈಯಲ್ಲಿರುವ ‘ಪ್ರತ್ಯೇಕ ಶಾಸನ’ಗಳು ಅಧಿಕಾರಿಗಳನ್ನು ಉದ್ದೇಶಿಸಿ ಬರೆಸಿದವು. ಒಡಿಶಾದ ಧೌಲಿಯಲ್ಲಿ ಇದೇ ಶಾಸನದ ಹೆಚ್ಚು ಪೂರ್ಣವಾದ ಪಾಠವಿದೆ: ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದು, ಈ ಆಜ್ಞೆಯನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಕೇಳಿಸಬೇಕು ಎಂದು. ಆಡಳಿತದ ಮಾತನ್ನು ಗೊತ್ತಾದ ದಿನ ಗಟ್ಟಿಯಾಗಿ ಓದಿ ಹೇಳುವ ಈ ಕಟ್ಟಳೆಯನ್ನು ಗ್ರಾಮಸಭೆಯ ಮುತ್ತಜ್ಜನೆಂದು ಕರೆದರೆ ವಿದ್ವಾಂಸರು ಮುನಿಸಿಕೊಂಡಾರು; ಮೇಷ್ಟರಿಗೆ ಅಷ್ಟು ಸಲಿಗೆಯಿರಲಿ.

ಆಳಂದವು ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಅಳಂದೆ ಸಾಸಿರವೆಂಬ ನಾಡಿನ ಕೇಂದ್ರ. ಅಲ್ಲಿಯ ಲಾಡ್ಲೆ ಮಶಾಕರ ದರ್ಗಾಕ್ಕೆ, ಭೀಮಾ–ಅಮರ್ಜಾ ಸಂಗಮದ ಗಾಣಗಾಪುರಕ್ಕೆ ಹೊರ ನಾಡಿನವರು ಹುಡುಕಿಕೊಂಡು ಬರುತ್ತಾರೆ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಪ್ರಜೆಗಳು; 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದವರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು, ಪಟವಾರಿಯ ದಫ್ತರದಲ್ಲಿ ಮೋಡಿ ಲಿಪಿ. ಇಷ್ಟು ಪದರಗಳಿರುವ ಊರನ್ನು ‘ಏನೂ ಇಲ್ಲದ ಊರು’ ಎನ್ನಬೇಕಾದರೆ ಕಣ್ಣು ಮುಚ್ಚಿಕೊಳ್ಳುವ ವಿಶೇಷ ಅಭ್ಯಾಸವೇ ಬೇಕು.

ಜರ್ಮನಿಯವರ ವಿಷಯದಲ್ಲೂ ಒಂದು ಮಾತು. ಅವರಿಗೆ ಇದು ಆಕಾಶದಿಂದ ಉದುರಿದ್ದಲ್ಲ. 1949ರ ಅವರ ಮೂಲಭೂತ ಕಾನೂನಿನ 28ನೆಯ ವಿಧಿ ಊರುಗಳಿಗೆ ಸ್ವಯಂ ಆಡಳಿತದ ಹಕ್ಕು ಕೊಟ್ಟಿದೆ. ಹಾಗಿದ್ದೂ 1960–70ರ ದಶಕಗಳಲ್ಲಿ ಪಶ್ಚಿಮ ಜರ್ಮನಿಯ ಸರ್ಕಾರಗಳು ಆಡಳಿತದ ಅನುಕೂಲವೆಂದು ಹಳ್ಳಿಗಳನ್ನು ಒಂದರೊಳಗೊಂದು ಸೇರಿಸಿ, ಸುಮಾರು 24,000 ಇದ್ದ ಪೌರಸಭೆಗಳನ್ನು ಸುಮಾರು 8,500ಕ್ಕೆ ಇಳಿಸಿದವು. ನಮ್ಮ ಹುಡುಗನ ರಾಜ್ಯದಲ್ಲಿ ಸಣ್ಣವು ಬಹಳಷ್ಟು ಉಳಿದುಕೊಂಡವು. ಉತ್ತರ ಸಮುದ್ರದ ಗ್ರೋಡೆ ಎಂಬ ನಡುಗಡ್ಡೆಯಲ್ಲಿ ಇಪ್ಪತ್ತು ಜನರೂ ಇಲ್ಲ, ಆದರೂ ಅದೊಂದು ಪೌರಸಭೆ. ನಮ್ಮಲ್ಲಿ ಐದಾರು ಸಾವಿರ ಜನಕ್ಕೆ ಒಂದು ಗ್ರಾಮ ಪಂಚಾಯತಿ. ಹಾಗಾದರೆ ಸಣ್ಣತನ ನಮ್ಮ ರೋಗವಲ್ಲ.

ರೋಗ ಯಾವುದೆಂದು ಒಂದು ಪ್ರಸಂಗದಿಂದ ಹೇಳುತ್ತೇನೆ. ಊರಿನ ಹೆಸರನ್ನು ಬೇಕೆಂದೇ ಬರೆಯುವುದಿಲ್ಲ. ಅಲ್ಲಿಯ ಹನುಮಪ್ಪನ ಕಟ್ಟೆಯ ಬಳಿ ಅಕ್ಷರವಿದ್ದ ಕಲ್ಲೊಂದು ಬಿದ್ದಿತ್ತು. ಹೆಂಗಸರು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಅದನ್ನೆತ್ತಿ ನಿಲ್ಲಿಸಿರೆಂದು ನಾನು ಪಂಚಾಯತಿಗೆ ಎರಡು ಸಲ ಅರ್ಜಿ ಕೊಟ್ಟೆ. ಮೂರನೆಯ ಸಲ ಹೋಗುವಷ್ಟರಲ್ಲಿ ಸಿಮೆಂಟ್ ರಸ್ತೆ ಬಂದಿತ್ತು, ಕಲ್ಲು ಅದರ ಅಡಿಗೆ ಹೋಗಿತ್ತು. ‘ಗ್ರಾಮಸಭೆಯಲ್ಲಿ ಠರಾವು ಆಗೇದ ಸರ್’ ಎಂದರು. ಯಾವ ಗ್ರಾಮಸಭೆ? ಆರು ತಿಂಗಳಿಗೊಮ್ಮೆ ಸೇರಬೇಕಾದ ಆ ಸಭೆಯ ಪುಸ್ತಕವನ್ನು ಸಿಪಾಯಿಯೊಬ್ಬ ಮನೆಮನೆಗೆ ಒಯ್ದು ಸಹಿ ಮಾಡಿಸಿಕೊಂಡಿದ್ದ. ಓದದೆ ಸಹಿ ಮಾಡಿದವರಲ್ಲಿ ನಾನೂ ಒಬ್ಬ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಬರೆಯುತ್ತೇನೆ.

‘ಹೊಟ್ಟೆಗಿಲ್ಲದವರಿಗೆ ಚರಿತ್ರೆಯೇಕೆ, ಮೊದಲು ರಸ್ತೆ, ನೀರು ಬರಲಿ’ ಎನ್ನುವ ಬಂಧುಗಳಿದ್ದಾರೆ. ಅವರಿಗೆ ನನ್ನ ಉತ್ತರ ಇದು. 2002ರಲ್ಲಿ ನಂಜುಂಡಪ್ಪ ಸಮಿತಿಯ ವರದಿ ನಮ್ಮ ಭಾಗದ ಹಿಂದುಳಿದಿರುವಿಕೆಯನ್ನು ಅಂಕಿಗಳಲ್ಲಿ ತೋರಿಸಿತು. 2013ರಲ್ಲಿ 371(ಜೆ) ಜಾರಿಗೆ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ‘ಕಲ್ಯಾಣ ಕರ್ನಾಟಕ’ವಾಯಿತು. ಹಣವೂ ಬಂತು, ಹೆಸರೂ ಬಂತು, ಎಲ್ಲವೂ ಮೇಲಿನಿಂದ. ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದು ವರ್ಷಗಟ್ಟಲೆ ಚುನಾವಣೆಯೇ ನಡೆಯದಿದ್ದಾಗ ನಮ್ಮ ಅಗಸಿ ಕಟ್ಟೆಯಲ್ಲಿ ಯಾರೂ ಚಕಾರವೆತ್ತಲಿಲ್ಲ. 1987ರಲ್ಲಿ ನಜೀರ್ ಸಾಬರ ಕಾಲದ ಮಂಡಲ ಪಂಚಾಯತಿ ಚುನಾವಣೆ ನಡೆದಾಗ ನಾನು ಹೊಸ ಮೇಷ್ಟರು. ರಾತ್ರಿ ಹನ್ನೊಂದರವರೆಗೆ ಜನ ಚಾವಡಿಯಲ್ಲಿ ವಾದಿಸುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಆ ಜನ ನಮಗಿಂತ ಬಡವರಾಗಿದ್ದರು.

ಇನ್ನೊಂದು ಸಂಗತಿ. ಅದೇ ಊರಿನ ಗಾಯರಾಣ ಭೂಮಿಯನ್ನು ಬಲವಿದ್ದವರು ವರ್ಷಕ್ಕೊಂದು ಸಾಲು ನೇಗಿಲಿನಂತೆ ಒತ್ತುತ್ತ ಬಂದರು. ದನ ಮೇಯಿಸುವವರು ತಕರಾರು ತೆಗೆದಾಗ ಹಳೆಯ ಕಾಗದ ತನ್ನಿರಿ ಎಂಬ ಪ್ರಶ್ನೆ ಬಂತು. ಕಾಗದವಿತ್ತು, ಉರ್ದುವಿನಲ್ಲಿ, ಮೋಡಿಯಲ್ಲಿ. ಓದಬಲ್ಲ ಮುದುಕರು ತೀರಿಹೋಗಿದ್ದರು. ಓದಿಸಲು ಕಲಬುರಗಿಗೆ ಅಲೆದಾಡುವಷ್ಟರಲ್ಲಿ ಅರ್ಧ ಗಾಯರಾಣದ ಸುತ್ತ ತಂತಿ ಬೇಲಿ ಬಿದ್ದಿತ್ತು. ಊರಿನ ಹಿನ್ನೆಲೆಯೆಂದರೆ ಗೋಡೆಗೆ ತೂಗುಹಾಕುವ ಚಿತ್ರವೆಂದು ತಿಳಿದವರು ಆ ದನಗಾಹಿಗಳನ್ನು ಕೇಳಬೇಕು. ಕೂಲಿಯವರ, ದಲಿತರ ಓಣಿಗಳಿಗೆ ಆ ಅಡವಿಯೊಂದೇ ಆಸರೆಯಾಗಿತ್ತು.

ಪಟ್ಟಣ ಸೇರಿದ ನನ್ನ ವಿದ್ಯಾರ್ಥಿಗಳೇ, ನಿಮ್ಮ ಮೇಲೂ ನನ್ನ ದೂರಿದೆ. ನೀವು ಊರಿಗೆ ಕೊಡುವುದೇನು? ಸ್ವಾಗತ ಕಮಾನು, ಗುಡಿಗೆ ಗೋಪುರ, ಜಾತ್ರೆಗೆ ಬ್ಯಾನರು. ಊರಲ್ಲಿರುವ ಹಳೆಯ ಮನೆಯ ಕರ ಮಾತ್ರ ಹತ್ತು ವರ್ಷದಿಂದ ಬಾಕಿ. ಕರ ಕಟ್ಟದವನು ಪಂಚಾಯತಿಗೆ ಯಾವ ಮುಖ ಹೊತ್ತು ಲೆಕ್ಕ ಕೇಳಿಯಾನು?

ಜರ್ಮನಿಯ ಹುಡುಗನೂ ಕೊನೆಗೆ ಅದನ್ನೇ ಹೇಳಿದ: ತಂದೆಯ ಹೆಸರಿನಲ್ಲಿ ಒಂದು ಕಮಾನು ಕಟ್ಟಿಸುತ್ತೇನೆ, ನೀವೇ ಮುಂದೆ ನಿಂತು ಮಾಡಿಸಬೇಕು ಎಂದು. ನಾನು ಒಪ್ಪಲಿಲ್ಲ. ಅವನ ಅಜ್ಜ ಪಟವಾರಿಯಾಗಿದ್ದವರು. ಅವರ ಮನೆಯ ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ದಫ್ತರಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಇಲಿ ಅವುಗಳಿಗೆ ಬಾಯಿ ಹಾಕಿತ್ತು. ಅವನ್ನು ಕೆಳಗಿಳಿಸಿ ಓದಬಲ್ಲವರ ಕೈಗೆ ಮುಟ್ಟಿಸಲು ಮನೆಯ ಕೀಲಿಕೈ ಕೊಡಿಸು, ಬಾಕಿ ಕರ ಕಟ್ಟು, ಮುಂದಿನ ಗ್ರಾಮಸಭೆಯ ಹೊತ್ತಿಗೆ ರಜೆ ಹಾಕಿ ಬಾ ಎಂದೆ. ವಿಚಾರ ಮಾಡಿ ಹೇಳುತ್ತೇನೆಂದು ಫೋನು ಇಟ್ಟಿದ್ದಾನೆ. ಇಂದಿಗೆ ಒಂಬತ್ತು ದಿನವಾಯಿತು.