ಸ್ವರ್ಗಕ್ಕೆ ಹೋಗೋ ಬಸ್ಸಿಗೆ ಸೆಕೆಂಡ್ ಕ್ಲಾಸ್ ಟಿಕೆಟ್ಟು!

ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆ ಕೊಂಡು, ಕಿಟಕಿ ಪಕ್ಕದ ಸೀಟು ಹಿಡಿದು ಕೂತಿರೋ ಅಭಿಮಾನಿ ಮಿತ್ರರೇ! ಈ ವಾರ ನಿಮ್ಮನ್ನ ಮೆಕ್ಸಿಕೋ ದೇಶ ಸುತ್ತಿಸ್ತೀನಿ. ವಿಮಾನದಲ್ಲಲ್ಲ ಸ್ವಾಮಿ, ಬಸ್ಸಿನಲ್ಲಿ!

ನಗಬೇಡಿ. ಅಲ್ಲಿ ಊರಿಂದ ಊರಿಗೆ ಹೋಗೋ ಸಾಮಾನ್ಯರಿಗೆ ಬಸ್ಸೇ ದಿಕ್ಕು. 1990ರ ದಶಕದಲ್ಲಿ ರೈಲ್ವೆ ಖಾಸಗಿಯವರ ಕೈಗೆ ಹೋದ ಮೇಲೆ ಪ್ಯಾಸೆಂಜರ್ ರೈಲುಗಳು ಬಹುಪಾಲು ನಿಂತೇಹೋದವು. 2023ರಲ್ಲಿ 'ಮಾಯಾ ರೈಲು' ಓಡತೊಡಗಿದೆ, ಆದರೂ ಬಸ್ಸಿನ ದರ್ಬಾರು ಮುಗಿದಿಲ್ಲ. ರಾಜಧಾನಿ ಮೆಕ್ಸಿಕೋ ಸಿಟಿಯಲ್ಲಿ ದಿಕ್ಕಿಗೊಂದರಂತೆ ನಾಲ್ಕು ದೊಡ್ಡ ನಿಲ್ದಾಣ. ಪುಯೆಬ್ಲಾಗೆ ಪೂರ್ವದ 'ತಾಪೋ', ಅಕಾಪುಲ್ಕೊ ಕಡಲತೀರಕ್ಕೆ ದಕ್ಷಿಣದ ನಿಲ್ದಾಣ. ದಿಕ್ಕು ತಪ್ಪಿದಿರೋ, ಊರಿನ ಆ ತುದಿಯಿಂದ ಈ ತುದಿಗೆ ಮೆರವಣಿಗೆ!

ಫಸ್ಟ್ ಕ್ಲಾಸ್ ಬಸ್ಸು ಅಂದ್ರೆ ಒರಗೋ ಸೀಟು, ಒಳಗೇ ಶೌಚಾಲಯ, ಹಲ್ಲು ಕಟಕಟ ಅನ್ನಿಸೋ ಏಸಿ. ಸ್ವೆಟರ್ ಮರೆತವನು ಕೆಟ್ಟ! ಟೀವಿಯಲ್ಲಿ ಸ್ಪ್ಯಾನಿಷ್ ಮಾತಾಡೋ ಹಾಲಿವುಡ್ ಹೀರೋ. ನಮ್ಮ ಹಳೇ ವಿಡಿಯೋ ಕೋಚ್ ನೆನಪಾಗೋಲ್ವೇ? ಸೆಕೆಂಡ್ ಕ್ಲಾಸಿನದು ಬೇರೆ ಲೋಕ. ಕೈ ಅಡ್ಡ ಹಾಕಿದ ಕಡೆ ನಿಲ್ಲುತ್ತೆ. ತಿಂಡಿ ಮಾರೋರು ಒಂದೂರಲ್ಲಿ ಹತ್ತಿ ಮುಂದಿನೂರಲ್ಲಿ ಇಳೀತಾರೆ. ದುಡ್ಡು ಕಡಿಮೆ, ಹೊತ್ತು ಜಾಸ್ತಿ.

ಆ ಸೆಕೆಂಡ್ ಕ್ಲಾಸ್ ಬಸ್ಸನ್ನೇ ಹೀರೋ ಮಾಡಿದ ಪುಣ್ಯಾತ್ಮ ಒಬ್ಬನಿದ್ದ. ಸ್ಪೇನಿನಲ್ಲಿ ಹುಟ್ಟಿ ಮೆಕ್ಸಿಕೋದಲ್ಲಿ ನೆಲೆಸಿದ ನಿರ್ದೇಶಕ ಲೂಯಿಸ್ ಬುನ್ಯುವೆಲ್. 1952ರಲ್ಲಿ ತೆರೆಕಂಡ ಅವನ ಕಪ್ಪು-ಬಿಳುಪು ಚಿತ್ರ 'ಸುಬೀದಾ ಆಲ್ ಸಿಯೆಲೊ'. ಅಂದ್ರೆ, ಸ್ವರ್ಗದ ಏರುದಾರಿ!

ಕಥೆ ಕೇಳಿ. ಗೆರೆರೊ ಸೀಮೆಯ ಹಳ್ಳಿಹುಡುಗ ಒಲಿವೇರಿಯೊ. ಆಗತಾನೆ ಮದುವೆಯಾಗಿದೆ, ಅತ್ತ ತಾಯಿ ಸಾವಿನಂಚಿನಲ್ಲಿ. ಅಣ್ಣಂದಿರ ಕಣ್ಣು ಆಸ್ತಿ ಮೇಲೆ. ವಿಲ್ ಮಾಡಿಸಲು ಹುಡುಗ ದೂರದ ಪೇಟೆಗೆ ಬಸ್ ಹತ್ತುತ್ತಾನೆ. ಬಸ್ಸೋ, ಓಡಿದರೆ ತಾನೇ? ದಾರೀಲಿ ಹೆಂಗಸೊಬ್ಬಳಿಗೆ ಹೆರಿಗೆ. ಹೊಳೆಯಲ್ಲಿ ಚಕ್ರ ಹೂತು, ಪುಟ್ಟ ಹುಡುಗಿಯೊಬ್ಬಳು ತಂದ ಎತ್ತುಗಳು ಎಳೆದು ದಡ ಸೇರಿಸಬೇಕು. ಡ್ರೈವರ್ ಮಹಾಶಯ ತನ್ನ ತಾಯಿ ಮನೇಲಿ ಹಬ್ಬದೂಟ ಅಂತ ಬಸ್ ನಿಲ್ಲಿಸಿಬಿಡ್ತಾನೆ! ಮೇಲೆ ಬಲೆ ಬೀಸೋಕೆ ಬೆಡಗಿ ಲಿಲಿಯಾ ಪ್ರಾದೊ. ಕೊನೆಗೆ ಹುಡುಗನೇ ಸ್ಟೇರಿಂಗ್ ಹಿಡಿದು ಘಾಟಿ ಹತ್ತುತ್ತಾನೆ. ವಾಪಸ್ ಬರೋವಾಗ ಅದೇ ಬಸ್ಸಿನಲ್ಲಿ ಒಂದು ಪುಟ್ಟ ಶವಪೆಟ್ಟಿಗೆ. ಎತ್ತು ತಂದಿದ್ದಳಲ್ಲ, ಅದೇ ಹುಡುಗಿ. ಹಾವು ಕಚ್ಚಿತ್ತು. ಮನೆ ಸೇರೋ ಹೊತ್ತಿಗೆ ತಾಯಿಯೂ ಇಲ್ಲ.

ನಮ್ಮ ಸಿನಿಮಾದಲ್ಲಾಗಿದ್ರೆ ಹೀರೋನ ಅವಸರಕ್ಕೆ ಬಸ್ಸು ಹಾರಿಕೊಂಡು ಹೋಗ್ತಿತ್ತು. ಬುನ್ಯುವೆಲ್ ಹಾಗೆ ಮಾಡಲಿಲ್ಲ. ಅವಸರ ಒಬ್ಬನದು, ಬಸ್ಸು ಎಲ್ಲರದು.

ನಾನೂ ಒಂದ್ಸಲ ಅಪ್ಪ ಆಸ್ಪತ್ರೆ ಸೇರಿದ ಸುದ್ದಿ ಕೇಳಿ ರಾತ್ರಿ ಬಸ್ ಹತ್ತಿದ್ದೆ. ಡ್ರೈವರ್ ಟೀಗೆ ನಿಲ್ಲಿಸಿದ. ಕೂಗಾಡಿದೆ. 'ಎರಡು ರಾತ್ರಿ ನಿದ್ದೆ ಇಲ್ಲ ಕಣಣ್ಣ, ಮುಖ ತೊಳ್ಕೊಂಡು ಬರ್ತೀನಿ' ಅಂದ. ಬಾಯಿ ಮುಚ್ಚಿಕೊಂಡೆ. ಅಪ್ಪ ಉಳಿದರು. ಆ ಡ್ರೈವರಣ್ಣನ ಕೆಂಪು ಕಣ್ಣು ಮಾತ್ರ ಈಗಲೂ ಕಣ್ಮುಂದೆ ಬರುತ್ತೆ.

ಅದಕ್ಕೇ ಹೇಳ್ತೀನಿ, ಮೆಕ್ಸಿಕೋಗೆ ಹೋಗೋ ಯೋಗ ಬಂದ್ರೆ ದೂರದೂರಿಗೆ ಫಸ್ಟ್ ಕ್ಲಾಸೇ ಹತ್ತಿ. ಆದರೆ ಒಂದು ಹಗಲಾದರೂ ಸೆಕೆಂಡ್ ಕ್ಲಾಸಿನಲ್ಲಿ ಕೂತು ನೋಡಿ. ಒಂದೊಂದು ಸೀಟಲ್ಲೂ ಒಂದೊಂದು ಸಿನಿಮಾ!

ನಿಮ್ಮ ಬಸ್ಸೂ ಈಗ ಎಲ್ಲೋ ನಿಂತಿದೆಯಾ? ಬೈಯೋ ಮುಂಚೆ, ಹತ್ತುತ್ತಿರೋರ ಮುಖ ಒಮ್ಮೆ ನೋಡಿ. ಮುಂದಿನ ವಾರ ಸಿಗೋಣ. ರೈಟ್... ರೈಟ್!